ಮೊರದ ಸದ್ದು

ನವೆಂಬರ್ 6, ಸೋಮವಾರ

ಡಾಕ್ಟರು ಬರೆದಿಡಲು ಹೇಳಿದ್ದಾರೆ. ಇವರಿಗೆ ಕೆಮ್ಮು ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಅದಕ್ಕೆ ಮುಂಚೆ ಎಲ್ಲಿದ್ದರು, ಏನು ಮಾಡುತ್ತಿದ್ದರು. ಮಗಳು ರಾಧ ನರ್ಸಿಂಗ್ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ನೋಟ್‌ಬುಕ್ಕು ಖಾಲಿ ಇತ್ತು. ಅದರ ಹಿಂದಿನಿಂದ ಗೆರೆ ಹಾಕಿ ಕೆಮ್ಮಿನ ಪಟ್ಟಿ ಮಾಡಿದೆ. ಮುಂದಿನ ಹಾಳೆಗಳು ನನಗೆ. ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು. ರವಿಕೆಯ ಅಳತೆ ಬಿಟ್ಟು ಬೇರೇನಾದರೂ ಬರೆದು ಎಷ್ಟು ವರ್ಷವಾಯಿತೋ. ಆದರೆ ಯಾರಿಗೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ "ನಿಂದು ಯಾವಾಗ್ಲೂ ಇದೇ ಗೋಳು" ಅನ್ನುತ್ತಾರೆ.

ಕೋಲಾರದ ಎದೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಗಣಿಗೆ ಇಳಿದಿದ್ರಾ?"

"ನಾನಿಲ್ಲ ಸಾರ್, ನಮ್ಮಪ್ಪ. ನಂದು ಊರಿಗಾಂನಾಗೆ ಬೈಕ್ ರಿಪೇರಿ ಅಂಗಡಿ."

"ಮನೇಲಿ ಪಾರಿವಾಳ ಏನಾದ್ರೂ ಸಾಕಿದೀರಾ?"

ಇವರ ಮುಖ ಅರಳಿತು. "ಇದಾವೆ ಸಾರ್, ಅದಿನಾಲ್ಕು!" ಮಕ್ಕಳೆಷ್ಟು ಎಂದು ಕೇಳಿದ್ದರೂ ಇಷ್ಟು ಖುಷಿಯಿಂದ ಹೇಳುತ್ತಿರಲಿಲ್ಲ.

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟರು. ಪುಕ್ಕದ ಧೂಳು, ಒಣಗಿದ ಹಿಕ್ಕೆಯ ಪುಡಿ ಇವರ ಎದೆಗೆ ಆಗುವುದಿಲ್ಲವಂತೆ. ಇಪ್ಪತ್ತು ವರ್ಷದಿಂದ ಒಳಗೆ ಸೇರಿ ಸೇರಿ ಗಾಯ ಮಾಡಿದೆಯಂತೆ. ಹೋದದ್ದು ಮತ್ತೆ ಬರುವುದಿಲ್ಲ, ಈಗಲೇ ಬಿಟ್ಟರೆ ಮಿಕ್ಕಿದ್ದು ಉಳಿಯುತ್ತದೆ. ಗೂಡಿನ ಹತ್ತಿರ ಕಾಲಿಡಬಾರದು. ಪಾರಿವಾಳಗಳನ್ನು ಆದಷ್ಟು ಬೇಗ ಯಾರಿಗಾದರೂ ಕೊಟ್ಟುಬಿಡಬೇಕು.

ಮಾವನವರು ಗಣಿಯ ಧೂಳಿಗೆ ಐವತ್ತಮೂರಕ್ಕೆ ಹೋದರು. ಇವರಿಗೀಗ ಐವತ್ತೊಂದು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಇವೆರಡನ್ನೇ ಕೂಡಿ ಕಳೆಯುತ್ತಾ ಬಂದೆ. ಇವರು ಕಿಟಕಿಯಿಂದ ಆಕಾಶ ನೋಡುತ್ತಿದ್ದರು.

ನವೆಂಬರ್ 8, ಬುಧವಾರ

ಬಂಗಾರಪೇಟೆಯ ವೇಣು ಅಷ್ಟನ್ನೂ ತೆಗೆದುಕೊಳ್ಳುತ್ತೇನೆ ಎಂದಿದ್ದಾನೆ. ಇವರ ಪಾರಿವಾಳದ ಗೆಳೆಯ ಅವನು. ಆದರೆ ಹೊಸ ಗೂಡು ಕಟ್ಟಬೇಕು, ಸಂಕ್ರಾಂತಿ ಹೊತ್ತಿಗೆ ಆಗುತ್ತದಂತೆ. ಅಲ್ಲಿಯವರೆಗೆ? ಮೂವರೂ ನನ್ನ ಮುಖ ನೋಡಿದರು. ಮೂವರೆಂದರೆ ಇವರು, ಅತ್ತೆ, ವೇಣು.

ಅತ್ತೆಗೆ ಮೊದಲಿಂದಲೂ ಕೆಮ್ಮು, ಮೊಣಕಾಲೂ ಏಣಿ ಹತ್ತುವುದಿಲ್ಲ. ಇವರು ಹತ್ತಬಾರದು. ಹೊಲಿಗೆ ಮಿಷನ್ನಿನ ಪಕ್ಕ ಎಂಟು ರವಿಕೆ ರಾಶಿ ಬಿದ್ದಿರುವಾಗ ಬೆಳಿಗ್ಗೆ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ತಾರಸಿ ಹತ್ತಿದೆ. ಚಿನ್ನದ ಗಣಿಯವರು ಕಟ್ಟಿಸಿದ ಈ ನಂದಿದುರ್ಗದ ಲೈನ್ ಮನೆಗಳಲ್ಲಿ ಎಲ್ಲರದೂ ಶೀಟಿನ ಮಾಡು. ನಾವು ಪಕ್ಕಕ್ಕೆ ಒಂದು ರೂಮು ಎತ್ತಿದಾಗ ಮಾತ್ರ ತಾರಸಿ ಆಯಿತು. ಅದರ ಮೇಲೆ ಬಟ್ಟೆ ಒಣಗಿಸಬಹುದು, ಸಂಡಿಗೆ ಇಡಬಹುದು ಎಂದು ಆಸೆಪಟ್ಟಿದ್ದೆ. ಒಂದೇ ವಾರದಲ್ಲಿ ಗೂಡು ಎದ್ದು ನಿಂತಿತು.

ಇವರು ಕೆಳಗೆ ನಿಂತು ಹೇಳಿಕೊಡುತ್ತಿದ್ದರು. "ಮೊದ್ಲು ನೀರು ಬದಲಾಯ್ಸು. ಕಪ್ಪುಬಾಲನ್ನ ಕೊನೇಗೆ ಬಿಡು. ಕೋಲು ಜೋರಾಗಿ ಬೀಸ್ಬ್ಯಾಡ ಶಶಿ, ಬೆದರ್ತಾವೆ!" ಮದುವೆಯಾಗಿ ಇಪ್ಪತ್ತೆರಡು ವರ್ಷ. ನನಗೆ ಯಾರಾದರೂ ಬೆದರಿಸಿದರೆ ಒಂದು ದಿನವೂ ಇವರಿಗೆ ಹೀಗೆ ಗಾಬರಿಯಾದದ್ದಿಲ್ಲ. ನಾನು ಬಾಣಂತಿಯಾಗಿ ತವರಿನಿಂದ ಮಗು ಎತ್ತಿಕೊಂಡು ಬಂದ ದಿನ ಇವರು ಬಸ್‌ಸ್ಟ್ಯಾಂಡಿಗೇ ಬರಲಿಲ್ಲ. ಒಂದು ಪಾರಿವಾಳ ಇಳಿದಿರಲಿಲ್ಲವಂತೆ.

ಕೆಮ್ಮು ಇವತ್ತು ಏಳು ಸಲ. ಪಟ್ಟಿಯಲ್ಲಿ ಬರೆದೆ.

ನವೆಂಬರ್ 13, ಸೋಮವಾರ

ಹಬ್ಬದ ಪಟಾಕಿ ಸದ್ದಿಗೆ ನಿನ್ನೆ ಪಾರಿವಾಳಗಳೆಲ್ಲ ಚೆದುರಿಹೋದವು. ಹನ್ನೆರಡು ವಾಪಸು ಬಂದವು, ಎರಡು ಬರಲಿಲ್ಲ. ಎರಡು ಕಮ್ಮಿಯಾಯಿತಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಆದರೆ ಇವರು ಊಟದ ತಟ್ಟೆ ಮುಟ್ಟದೆ ಕೂತಿದ್ದರು. ತಾವೇ ಹುಡುಕಲು ಹೊರಟರೆ ಗಣಿಯ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ಧೂಳಿಗೆ ಇನ್ನೇನಾಗುತ್ತದೋ ಎಂಬ ಭಯಕ್ಕೆ ನಾನೇ ಹೊರಟೆ.

ದಿಬ್ಬದ ಬುಡದಿಂದ ಹಳೇ ಗಣಿ ಗೋಪುರದವರೆಗೆ ಎರಡು ಗಂಟೆ ನಡೆದೆ. ತಂಗಡಿ ಗಿಡದಲ್ಲಿ ಒಂದರ ಪುಕ್ಕ ಮಾತ್ರ ಸಿಕ್ಕಿತು, ಡೇಗೆ ಹೊಡೆದಿರಬೇಕು. ಕಪ್ಪುಬಾಲ ಗೋಪುರದ ಕಬ್ಬಿಣದ ಮೇಲೆ ಒಬ್ಬನೇ ಕೂತಿದ್ದ. ಹೇಗೆ ಕರೆಯುವುದು? ಶಿಳ್ಳೆ ಹೊಡೆಯಲು ಬಾರದು. ಆಗ ಅತ್ತೆಯ ಮೊರ ನೆನಪಾಯಿತು. ದಿನಾ ಮಧ್ಯಾಹ್ನ ಅವರು ಹಿತ್ತಲಲ್ಲಿ ರಾಗಿ ಕೇರುತ್ತಾರೆ, ನುಚ್ಚು ಹೊಟ್ಟು ಪಾರಿವಾಳಗಳ ಪಾಲು. ಮೊರದ ಸದ್ದು ಕೇಳಿದರೆ ಎಷ್ಟೇ ಎತ್ತರದಲ್ಲಿದ್ದರೂ ಇಳಿದುಬಿಡುತ್ತವೆ. ಚಪ್ಪಲಿ ಬಿಚ್ಚಿ ಒಂದು ರಟ್ಟಿನ ತುಂಡಿಗೆ ಪಟ್ ಪಟ್ ಎಂದು ಅದೇ ಲಯಕ್ಕೆ ಬಡಿದೆ. ದನ ಮೇಯಿಸುತ್ತಿದ್ದ ಹೆಂಗಸು ನನ್ನನ್ನು ಹುಚ್ಚಿ ಎನ್ನುವಂತೆ ನೋಡಿದಳು. ಕಪ್ಪುಬಾಲ ಕತ್ತು ಓರೆ ಮಾಡಿದ, ಹಾರಿದ, ನನ್ನ ಮುಂದೆ ಇಳಿದ.

ಕೈಯಲ್ಲಿ ಹಿಡಿದರೆ ಎದೆ ಎಷ್ಟು ಬಿಸಿ. ಅಷ್ಟು ಸಣ್ಣ ಜೀವಕ್ಕೆ ಅಷ್ಟು ಜೋರಾಗಿ ಬಡಿದುಕೊಳ್ಳುವ ಎದೆ. ನನ್ನದೂ ಹಾಗೆಯೇ ಬಡಿದುಕೊಳ್ಳುತ್ತದೆ, ಆದರೆ ಹಿಡಿದು ನೋಡುವವರು ಯಾರು.

ನವೆಂಬರ್ 21, ಮಂಗಳವಾರ

ಅತ್ತೆಯ ಮೇಲೆ ಮೈಯೆಲ್ಲ ಉರಿಯುತ್ತಿದೆ. ಗೂಡು ಗುಡಿಸಿ ಇಳಿದುಬಂದರೆ ಹಿತ್ತಲ ಬಾಗಿಲಿಗೆ ಅಡ್ಡ ನಿಂತಿದ್ದಾರೆ.

"ಒಸ್ಲು ದಾಟ್ಬ್ಯಾಡ. ಆ ಕಲ್ಲಿನ ಮ್ಯಾಲೆ ಸೀರೆ ಬಿಚ್ಚಾಕಿ ನೀರುಯ್ಕೊಂಡು ಬಾ. ಬೇರೆ ಸೀರೆ ಇಟ್ಟಿವ್ನಿ."

"ಯಾಕತ್ತೆ? ನಾನೇನು ಮೈಲಿಗೆ ಆಗಿದೀನಾ?"

"ಏಳಿದಷ್ಟು ಮಾಡು. ನಿಮ್ಮಾವ ಗಣಿಯಿಂದ ಬಂದ್ರೆ ಅಂಗೇ ಮಾಡ್ತಿದ್ದ. ನಂಗೆ ಬುದ್ಧಿ ಬಂದ ಮ್ಯಾಲೆ ಗಣಿ ಬಟ್ಟೆ ಒಂದು ದಿನ ಒಸ್ಲು ದಾಟಿಲ್ಲ."

ನಾನೇನು ಗಣಿಗೆ ಇಳಿದಿದ್ದೆನೆ? ಹದಿನೆಂಟು ಮೆಟ್ಟಿಲಿನ ಏಣಿ ಹತ್ತಿ ಇವರ ಮಗನ ಹುಚ್ಚಿಗೆ ಚಾಕರಿ ಮಾಡಿ ಬಂದರೆ ನನ್ನನ್ನೇ ಹೊರಗೆ ನಿಲ್ಲಿಸುತ್ತಾರೆ. ತಿಂಗಳಲ್ಲಿ ಮೂರು ದಿನ ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಕಾಲ ಮುಗಿಯಿತು ಎಂದುಕೊಂಡಿದ್ದೆ. ಇದು ಅದೇ, ಬೇರೆ ಹೆಸರಿನಲ್ಲಿ. ಚಳಿ ಬೇರೆ. ಸೀರೆ ಕೊಡವಿಕೊಂಡು ಹಾಗೇ ಒಳಗೆ ಬಂದೆ. ಅವರು ಮಗನ ಮಂಚವನ್ನು ಕಿಟಕಿಯ ಕಡೆಗೆ ಎಳೆಯಲು ಒದ್ದಾಡಿದರು.

ಕೆಮ್ಮು ಐದು. ಕಮ್ಮಿಯಾಗುತ್ತಿದೆ. ಕಪ್ಪುಬಾಲ ಎರಡು ಗಂಟೆ ಹತ್ತು ನಿಮಿಷ ಮೇಲಿದ್ದ. ಸುಮ್ಮನೆ ನೋಡಿದೆ, ಗಡಿಯಾರ ಅಲ್ಲೇ ಇತ್ತು.

ಡಿಸೆಂಬರ್ 4, ಸೋಮವಾರ

ಕೆಮ್ಮು ಮೂರು.

ಕಪ್ಪುಬಾಲ 3 ಗಂಟೆ 05. ಮೆಣಸಿ 2-50. ಬಿಳಿರೆಕ್ಕೆ 2-15, ಅವಳು ಸೋಮಾರಿ. ಹೆಸರಿಲ್ಲದವುಗಳಿಗೆಲ್ಲ ಹೆಸರಿಟ್ಟೆ. ಇವರು ಇಪ್ಪತ್ತು ವರ್ಷ ಸಾಕಿದರೂ ಹೆಸರಿಟ್ಟದ್ದು ಕಪ್ಪುಬಾಲನಿಗೊಬ್ಬನಿಗೆ. ಅದೂ ಒಂದು ಹೆಸರೇ!

ರಾಧ ಫೋನ್ ಮಾಡಿದಳು. ಅಪ್ಪನ ಉಸಿರು ಹೇಗಿದೆ, ಗೂಡಿಗೆ ಹೋಗುವಾಗ ಮಾಸ್ಕ್ ಹಾಕುತ್ತೀಯಾ, ಬಂದಮೇಲೆ ಬಟ್ಟೆ ಬದಲಿಸುತ್ತೀಯಾ ಎಂದೆಲ್ಲ ಕೇಳಿದಳು. "ಊಂ" ಎಂದೆ. ಆಗ ಮೆಣಸಿ ಇಳಿಯುವ ಹೊತ್ತಾಗಿತ್ತು.

ಡಿಸೆಂಬರ್ 17, ಭಾನುವಾರ

ವೇಣು ಬಂದಿದ್ದ. ಅವನು ತಮಿಳು ಬೆರೆಸಿ ಪಾರಿವಾಳಕ್ಕೆ ಪುರಾ ಎನ್ನುತ್ತಾನೆ. ತಾರಸಿಯ ಮೇಲೆ ಕಪ್ಪುಬಾಲನ ಕಣ್ಣು ತೆರೆದು ನೋಡಿ, ರೆಕ್ಕೆ ಬಿಡಿಸಿ ನೋಡಿ, ನನ್ನನ್ನು ನೋಡಿದ.

"ಯಾರಕ್ಕಾ ಇದನ್ನ ರೆಡಿ ಮಾಡಿದ್ದು? ಅಣ್ಣ ಕೆಳಗೇ ಇದಾರೆ."

"ನಾನೇ. ಸಜ್ಜೆ ಕಮ್ಮಿ ಮಾಡಿ ಕಡ್ಲೆ ಜಾಸ್ತಿ ಮಾಡಿದೆ. ವಾರಕ್ಕೊಂದು ಸಲ ಅರಿಶಿನದ ನೀರು."

"ಅಕ್ಕಾ, ಈ ಪುರಾ ಆರು ಗಂಟೆ ಓಡುತ್ತೆ. ಜನವರಿ ಇಪ್ಪತ್ತೆಂಟಕ್ಕೆ ನಮ್ಮ ಕ್ಲಬ್ಬಿಂದು ಪಂದ್ಯ ಐತೆ. ನಿಮ್ಮ ಎಸ್ರೇ ಬರೀತೀನಿ."

ಕೆಳಗಿಂದ ಇವರು ಕೂಗಿದರು: "ವೇಣೂ, ನನ್ನೆಸ್ರು ಬರೀ ಮಾರಾಯ!"

"ನೀವು ಡಿಸ್‌ಕ್ವಾಲಿಫೈ ಅಣ್ಣಾ!"

ಇವರೂ ನಕ್ಕರು. ಆಮೇಲೆ ನಗು ಕೆಮ್ಮಾಯಿತು. ಎಷ್ಟು ಹೊತ್ತು ಎಂದು ನೋಡಲಿಲ್ಲ, ವೇಣು ಪಂದ್ಯದ ನಿಯಮ ಹೇಳುತ್ತಿದ್ದ. ಮೂರು ಪಾರಿವಾಳ. ಬೆಳಿಗ್ಗೆ ಆರೂವರೆಗೆ ಬಿಡಬೇಕು. ಮೂರರಲ್ಲಿ ಮೊದಲನೆಯದು ಇಳಿದ ಕೂಡಲೇ ಲೆಕ್ಕ ಮುಗಿಯಿತು. ಯಾರವು ಹೆಚ್ಚು ಹೊತ್ತು ಮೇಲಿರುತ್ತವೋ ಅವರು ಗೆದ್ದ ಹಾಗೆ. ಒಬ್ಬ ಹಿರಿಯರು ಬಂದು ತಾರಸಿಯಲ್ಲೇ ಕೂತು ಬರೆದುಕೊಳ್ಳುತ್ತಾರೆ.

ನನ್ನ ಹೆಸರನ್ನು ಯಾವುದಕ್ಕೂ ಯಾರೂ ಬರೆದಿರಲಿಲ್ಲ. ರೇಷನ್ ಕಾರ್ಡಿಗೆ ಬಿಟ್ಟು.

ಡಿಸೆಂಬರ್ 29, ಶುಕ್ರವಾರ

ಇಡೀ ದಿನ ಹಾಳಾಯಿತು. ಅನಸೂಯಮ್ಮ ಬಾಗಿಲಲ್ಲೇ ರವಿಕೆ ಎತ್ತಿ ಹಿಡಿದು ಲೈನಿಗೆಲ್ಲ ಕೇಳುವಂತೆ ಕಿರುಚಿದರು. ಅವರ ತಂಗಿ ಮಗಳ ಮದುವೆಗೆಂದು ಕೊಟ್ಟ ರೇಷ್ಮೆ ರವಿಕೆ. ಎರಡೂ ತೋಳು ಎಡಗೈಗೇ ಕತ್ತರಿಸಿದ್ದೇನೆ.

"ಶಶಿರೇಖ, ನಿಂಗೆ ಕಣ್ಣು ಎಲ್ಲವ್ವಾ ಇತ್ತು?"

"ಮಿಷನ್ ಮೇಲೇ ಇತ್ತಕ್ಕಾ."

"ಸುಳ್ಳೇಳ್ಬ್ಯಾಡ. ನಿಮ್ಮತ್ತೆ ಏಳಿದ್ರು, ಆಕಾಶ್ದಾಗಿತ್ತಂತೆ!"

ಅತ್ತೆ ಮೊರದ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. ಮನೆಯವರೇ ಬಿಟ್ಟುಕೊಟ್ಟರೆ ಯಾರಿಗೆ ಹೇಳುವುದು. ಅನಸೂಯಮ್ಮ ಇನ್ನು ಬೇರೆಯವರ ಹತ್ತಿರ ಹೊಲಿಸುತ್ತಾರಂತೆ. ಹೊಲಿಸಲಿ. ಅವರ ಬೆನ್ನಿನ ಅಳತೆ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ನಾನೇನೂ ಅದಕ್ಕೆ ಅಳುವುದಿಲ್ಲ.

ಕಪ್ಪುಬಾಲ 5-20. ಮೆಣಸಿ 5-20. ಜೊತೆಯಲ್ಲೇ ಇಳಿದರು! ಬಿಳಿರೆಕ್ಕೆ 4-45.

ಜನವರಿ 9, ಮಂಗಳವಾರ

ವೇಣುವಿನ ಗೂಡು ಆಗಿಹೋಗಿದೆಯಂತೆ, ಬೇಕಾದರೆ ನಾಳೆಯೇ ಒಯ್ಯುತ್ತಾನಂತೆ. ಇಪ್ಪತ್ತೆಂಟು ಕಳೆಯಲಿ ಎಂದೆ. ಹೊಸ ಗೂಡಿಗೆ ಹೋದ ಪಾರಿವಾಳ ತಿಂಗಳು ಹಾರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಇಷ್ಟು ದಿನ ಕಾದದ್ದಾಯಿತು.

ಇವರು ಮಂಚದ ಮೇಲೆ ಕೂತು ಕೇಳಿದರು: "ಶಶಿ, ಕೊಟ್ಬಿಡಾಣ ಅನ್ಸುತ್ತೆ ಕಣೇ. ಮತ್ತೆ ರಾತ್ರಿ ಮಲಗಕ್ಕೆ ಆಗ್ತಿಲ್ಲ."

"ನೀವೇ ತಾನೇ ಇಪ್ಪತ್ತು ವರ್ಷ ಇಟ್ಕೊಂಡಿದ್ದು? ನಾನು ಇಪ್ಪತ್ತು ದಿನ ಕೇಳಿದ್ರೆ ಆಗಲ್ವಾ?"

ಅವರು ಗೋಡೆಯ ಕಡೆ ತಿರುಗಿದರು. ನಾನೇನು ತಪ್ಪು ಹೇಳಿದೆ? ಗೂಡಿಗೆ ಅವರು ಹೋಗುತ್ತಲೇ ಇಲ್ಲ. ಹೋಗದಿದ್ದಮೇಲೆ ಕೆಮ್ಮು ಹೇಗೆ ಜಾಸ್ತಿಯಾಗುತ್ತದೆ? ಚಳಿಗೆ ಇರಬೇಕು. ಊರಿಗಾಂ ಅಂಗಡಿಯಲ್ಲಿ ಪೆಟ್ರೋಲ್ ವಾಸನೆಗೂ ಇರಬಹುದು. ವಾರದಿಂದ ಅಂಗಡಿಗೆ ಹೋಗಿಲ್ಲ ಎನ್ನುವುದು ಬೇರೆ ಮಾತು.

ಅತ್ತೆ ದಿನಾ ಕಲ್ಲಿನ ಮೇಲೆ ಬೇರೆ ಸೀರೆ ಮಡಚಿಡುತ್ತಾರೆ. ನಾನು ದಿನಾ ಅದನ್ನು ಹಾಗೇ ಎತ್ತಿಕೊಂಡು ಒಳಗೆ ತಂದಿಡುತ್ತೇನೆ.

ಜನವರಿ 27, ಶನಿವಾರ

ನಾಳೆ. ಊಟ ಸೇರಲಿಲ್ಲ.

ಗೂಡಿನ ಸುತ್ತ ಬೆಕ್ಕು ಸುಳಿಯುತ್ತಿದೆ. ಪಂದ್ಯದ ಮೂರನ್ನೂ ಬುಟ್ಟಿಯಲ್ಲಿ ಹಾಕಿ ಕೆಳಗೆ ಹೊಲಿಗೆ ರೂಮಿನಲ್ಲಿಟ್ಟೆ. ಇವರ ಮಂಚ ಪಕ್ಕದ ರೂಮಿನಲ್ಲಿದೆ. ಬಾಗಿಲ ಸಂದಿಗೆ ಟವೆಲ್ ತುರುಕಿದ್ದೇನೆ. ಅತ್ತೆ "ಶಶಿ, ಇದು ಬ್ಯಾಡ" ಎಂದರು. ಒಂದೇ ರಾತ್ರಿ ತಾನೇ. ಆಮೇಲೆ ಜನ್ಮಪೂರ್ತಿ ಬೇಡವೇ ಬೇಡ.

ಜನವರಿ 28, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬಂಗಾರಪೇಟೆಯಿಂದ ಮುನಿಸ್ವಾಮಪ್ಪ ಎಂಬ ಹಿರಿಯರು ಬರೆದುಕೊಳ್ಳಲು ಬಂದಿದ್ದರು. ಆರೂವರೆಗೆ ಸರಿಯಾಗಿ ಬಿಟ್ಟೆ. ಎಂಟಕ್ಕೆ ಮೂರೂ ಗಣಿ ಗೋಪುರ ದಾಟಿ ಮೇಲಕ್ಕೆ ಹೋದವು. ಹತ್ತಕ್ಕೆ ಚುಕ್ಕಿ. ಹನ್ನೊಂದಕ್ಕೆ ಕಣ್ಣಿಗೂ ಸಿಗದಷ್ಟು ಎತ್ತರ, ಮುನಿಸ್ವಾಮಪ್ಪನವರು ಕನ್ನಡಕ ಒರೆಸಿ ಒರೆಸಿ ನೋಡುತ್ತಿದ್ದರು. "ನಾನು ನಲವತ್ತು ವರ್ಷದಿಂದ ಇದರಾಗೆ ಇವ್ನಿ ತಾಯಿ, ಹೆಂಗಸರು ಇಂಗೆ ಪಾರಿವಾಳ ಬಿಟ್ಟಿದ್ದು ಇದೇ ಮೊದ್ಲು" ಎಂದರು. ಬೂದಿಕೋಟೆಯ ಕೋದಂಡಪ್ಪನವರದು ಮಾತ್ರ ನಮ್ಮ ಜೊತೆ ಮೇಲೆ ಉಳಿದಿದೆ ಎಂದು ಫೋನ್ ಬಂತು.

ಹನ್ನೆರಡೂವರೆ ಹೊತ್ತಿಗೆ ಕೆಳಗಿಂದ ಅತ್ತೆ ಕೂಗಿದರು. "ಶಶೀ, ಬಾ ಇಲ್ಲಿ."

"ಬತ್ತೀನಿ, ಇರಿ."

"ಶಶೀ, ಅವನಿಗೆ ಉಸುರು ಇಡಿದೈತೆ. ಬಾಯಿಗಿಡೋ ಪಂಪು ಎಲ್ಲಿಟ್ಟಿದೀಯ?"

"ಕ್ಯಾಲೆಂಡರ್ ಕೆಳಗಿನ ಮೊಳೆಗೆ ತೂಗಾಕಿದೀನಿ, ನೋಡಿ!"

"ಎರಡು ಸಲ ಎಳ್ಕೊಂಡ್ರೂ ಕಮ್ಮಿ ಆಗ್ತಿಲ್ಲ ಕಣೇ. ಇಳಿದು ಬಾ."

"ಹತ್ತು ನಿಮಿಷ ಅತ್ತೆ! ಹತ್ತೇ ಹತ್ತು!"

ಆಗಲೇ ಒಂದು ಗಂಟೆ ದಾಟಿತ್ತು. ಆಮೇಲೆ ಕೂಗಲಿಲ್ಲ. ಸದ್ಯ ಸುಮ್ಮನಾದರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಸದ್ದು ಕೇಳಿತು. ಪಟ್ ಪಟ್. ಪಟ್ ಪಟ್. ಬಗ್ಗಿ ನೋಡಿದರೆ ಹಿತ್ತಲ ನಡುವೆ ನಿಂತು ಅತ್ತೆ ಖಾಲಿ ಮೊರ ಕೇರುತ್ತಿದ್ದಾರೆ. ಕಾಳಿಲ್ಲ, ಹೊಟ್ಟಿಲ್ಲ. ಬರೀ ಕೈಗೆ ಮೊರ ಬಡಿಯುತ್ತಾ ನನ್ನನ್ನೇ ನೋಡುತ್ತಿದ್ದಾರೆ.

ಬಿಳಿರೆಕ್ಕೆ ಮೊದಲು ಇಳಿದಳು, ಕಲ್ಲು ಬಿದ್ದ ಹಾಗೆ. ಹಿಂದೆಯೇ ಮೆಣಸಿ, ಕಪ್ಪುಬಾಲ. ಒಂದು ಗಂಟೆ ಹನ್ನೆರಡು ನಿಮಿಷ. ಆರು ಗಂಟೆ ನಲವತ್ತೆರಡು. ಕೋದಂಡಪ್ಪನವರದು ಏಳು ಗಂಟೆ ತುಂಬಿಸಿ ಒಂದೂವರೆಗೆ ಇಳಿಯಿತಂತೆ. ಹದಿನೆಂಟೇ ನಿಮಿಷ! ನನ್ನವು ಇನ್ನೂ ಒಂದು ಗಂಟೆ ನಿಲ್ಲುತ್ತಿದ್ದವು, ಮುನಿಸ್ವಾಮಪ್ಪನವರೇ ಹೇಳಿದರು.

ಏಣಿ ಇಳಿದು ಬಂದವಳು ಕೂಗಾಡಿದೆ. "ಯಾಕತ್ತೆ ಇಂಗೆ ಮಾಡಿದ್ರಿ? ನಿಮಗೆ ನಾನೇನು ಮಾಡಿದ್ದೆ?"

"ನಿನ್ನ ಕರೆದ್ರೆ ನೀನು ಬರಲ್ಲ. ಅವು ಇಳಿದ್ರೆ ನೀನು ಇಳೀತೀಯ ಅಂತ ಗೊತ್ತಿತ್ತು."

ಆಟೋದಲ್ಲಿ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಗಿಗೆ ಔಷಧಿಯ ಹೊಗೆ ಹಿಡಿದರು, ಆಕ್ಸಿಜನ್ ಇಟ್ಟರು, ನಾಲ್ಕೂವರೆಗೆ ಬಿಟ್ಟರು.

ಹದಿನೆಂಟು ನಿಮಿಷ.

ಜನವರಿ 30, ಮಂಗಳವಾರ

ಅತ್ತೆಯೊಡನೆ ಮಾತಿಲ್ಲ. ಪಾರಿವಾಳ ಬಿಡಲಿಲ್ಲ. ಏನೂ ಬರೆಯಲು ಇಲ್ಲ.

ಫೆಬ್ರವರಿ 5, ಸೋಮವಾರ

ಡಾಕ್ಟರು ಪಟ್ಟಿ ಕೇಳಿದರು. ಪುಸ್ತಕವನ್ನು ಹಿಂದಿನಿಂದ ತೆರೆದು ಕೊಟ್ಟೆ. ಮುಂದಿನ ಹಾಳೆ ತಿರುಗಿಸಿಯಾರು ಎಂಬ ಒಂದೇ ಭಯ ಇತ್ತು ನನಗೆ.

ನವೆಂಬರ್ ನೋಡಿ "ಚೆನ್ನಾಗಿ ಬರೆದಿದೀರ" ಎಂದರು. ಹಾಳೆ ತಿರುವಿದರು. ಹುಬ್ಬು ಗಂಟಿಕ್ಕಿತು.

"ಡಿಸೆಂಬರಲ್ಲಿ ಇದೇನಮ್ಮ, ಮೆಣಸಿ ಐದು ಇಪ್ಪತ್ತು? ಐದು ಗಂಟೆ ಇಪ್ಪತ್ತು ನಿಮಿಷ ಕೆಮ್ಮಿದ್ರಾ ಇವರು? ಮೆಣಸು ತಿಂದು?"

ಇವರೇ ಮೆಲ್ಲಗೆ ಹೇಳಿದರು: "ಅಲ್ಲ ಸಾರ್. ಅದು ನಮ್ಮ ಪಾರಿವಾಳದ ಟೈಮು."

ಡಾಕ್ಟರು ನಗಲಿಲ್ಲ. ಒಂದೊಂದೇ ಹಾಳೆ ತಿರುವಿ ಕೊನೆಯವರೆಗೂ ನೋಡಿದರು. ಡಿಸೆಂಬರ್ ಹದಿನೇಳರಿಂದ ಆಚೆಗೆ ಕೆಮ್ಮಿನ ಸಾಲಿನಲ್ಲಿ ಒಂದು ಅಂಕಿಯೂ ಇರಲಿಲ್ಲ. ಎಲ್ಲ ಖಾನೆಯಲ್ಲೂ ಕಪ್ಪುಬಾಲ, ಮೆಣಸಿ, ಬಿಳಿರೆಕ್ಕೆ. ನನ್ನದೇ ಅಕ್ಷರ. ಯಾವಾಗ ಹಾಗೆ ಬರೆಯಲು ಶುರು ಮಾಡಿದೆನೋ ನನಗೆ ನೆನಪೇ ಇಲ್ಲ.

"ಗೂಡಿಗೆ ಯಾರು ಹೋಗೋದು?"

"ನಾನು ಸಾರ್. ಇವರನ್ನ ಹತ್ತಿರಕ್ಕೂ ಬಿಡಲ್ಲ."

"ಬಂದ ಮೇಲೆ ಬಟ್ಟೆ ಬದಲಾಯಿಸ್ತೀರಾ?"

ಸೆರಗು ಸರಿಮಾಡಿಕೊಂಡೆ. ಡಾಕ್ಟರು ಮೇಜಿನ ಮೇಲಿಂದ ಕೈ ಚಾಚಿ ನನ್ನ ಭುಜದ ಮೇಲಿಂದ ಏನೋ ತೆಗೆದು ಆ ಪಟ್ಟಿಯ ಮೇಲಿಟ್ಟರು. ಬೂದು ಬಣ್ಣದ, ಉಗುರಿನಷ್ಟು ಪುಕ್ಕ. ಫ್ಯಾನಿನ ಗಾಳಿಗೆ ಅದು ಇವರ ಕಡೆಗೆ ಜಾರಿತು. ಇವರು ಅದನ್ನು ಎಷ್ಟು ಪ್ರೀತಿಯಿಂದ ನೋಡಿದರೆಂದರೆ ನನಗೆ ಅಲ್ಲೇ ಅಳು ಬಂತು.

ಡಾಕ್ಟರು ಬೈದಿದ್ದರೆ ವಾಸಿಯಿತ್ತು. "ಅವರು ಮೇಲೆ ಹತ್ತೋದು ನಿಲ್ಲಿಸಿದ್ರು, ನೀವು ಕೆಳಗೆ ತಂದುಕೊಟ್ರಿ" ಎಂದಷ್ಟೇ ಹೇಳಿದರು.

ಫೆಬ್ರವರಿ 7, ಬುಧವಾರ

ಅತ್ತೆ ಹಿತ್ತಲ ಕಲ್ಲಿನ ಮೇಲೆ ಕೂತಿದ್ದರು. ಪಕ್ಕ ಹೋಗಿ ಕೂತೆ. ರಾಗಿಯಲ್ಲಿ ಕಲ್ಲು ಆರಿಸಿದೆ. ಅವರೇ ಶುರು ಮಾಡಿದರು.

"ನಂಗೆ ಈ ಕೆಮ್ಮು ಯಾಕೆ ಬಂತು, ಯಾವತ್ತಾದ್ರೂ ಕೇಳಿದೀಯಾ?"

"ವಯಸ್ಸಿಗೆ ಅಂತ..."

"ಮೂವತ್ತೈದಕ್ಕೇ ಬಂತು ಕಣೇ. ನಾನು ಗಣಿಯೊಳಕ್ಕೆ ಒಂದು ದಿನ ಇಳಿದೋಳಲ್ಲ. ಮದುವೆಯಾದ ಒಸದ್ರಾಗೆ ನಿಮ್ಮಾವ ಅಂಗೇ ಒಳಕ್ಕೆ ಬರೋನು. ಬಟ್ಟೆ ನಾನು ಒಳಗೇ ಕೊಡವ್ತಿದ್ದೆ, ಕಲ್ಲಿನ ಪುಡಿ ರಾಗಿ ಇಟ್ಟಿನಂಗೆ ಮನೆಯೆಲ್ಲ ಆರೋದು. ಆಮ್ಯಾಲೆ ಪಕ್ಕದ ಮನೆ ಆದಿಲಕ್ಷ್ಮಮ್ಮ ಏಳಿಕೊಟ್ಲು, ಒರಗೇ ಬಿಚ್ಚಿಸು ಅಂತ. ಅಷ್ಟೊತ್ಗೆ ನಂಗೆ ಕೆಮ್ಮು ಅತ್ಕೊಂಡಿತ್ತು."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ಅತ್ತೆ? ನಾನು ಮೈಲಿಗೆ ಅಂತ..."

"ನೀನು ಕೇಳಿದ್ಯಾ? ಕತ್ತೆತ್ಕೊಂಡು ಓಡಾಡೋರಿಗೆ ಕೆಳಗಿರೋರು ಏನೇಳದು? ನನ್ನ ಮಗ ಇಪ್ಪತ್ತು ವರ್ಷ ಕೇಳಲಿಲ್ಲ."

ಮೊರ ನನ್ನ ಕೈಯಲ್ಲಿತ್ತು. ಕೇರಲು ಮನಸ್ಸಾಗಲಿಲ್ಲ.

ಫೆಬ್ರವರಿ 11, ಭಾನುವಾರ

ವೇಣು ಎರಡು ದೊಡ್ಡ ಬುಟ್ಟಿ ತಂದ. ಹದಿಮೂರನ್ನೂ ನಾನೇ ಹಿಡಿದು ಕೊಟ್ಟೆ. ಹಳೇ ಗೂಡಿಗೆ ವಾಪಸು ಬಾರದಂತೆ ರೆಕ್ಕೆಗೆ ದಾರ ಕಟ್ಟಿ ಕೆಲವು ದಿನ ಒಳಗೇ ಇಡುತ್ತಾನಂತೆ.

"ಬಂದ್ರೂ ಸೇರಿಸ್ಬೇಡಿ ಅಕ್ಕಾ. ಕಾಳು ಆಕಿದ್ರೆ ಮುಗೀತು, ಎಂದಿಗೂ ನನ್ನವಾಗಲ್ಲ."

ಇವರು ಕಿಟಕಿಯ ಒಳಗಿಂದಲೇ ನೋಡಿದರು. ಕಪ್ಪುಬಾಲನನ್ನು ಬುಟ್ಟಿಗೆ ಹಾಕುವಾಗ ಮಾತ್ರ "ಸ್ವಲ್ಪ ಇಲ್ಲಿ ತೋರ್ಸೇ" ಎಂದರು. ಗಾಜಿನ ಈಚೆಯಿಂದ ಎತ್ತಿ ಹಿಡಿದೆ. ಗಾಜಿನ ಮೇಲೆ ಬೆರಳಿಟ್ಟರು.

ವೇಣು ಹೋದಮೇಲೆ ಮಾಸ್ಕ್ ಕಟ್ಟಿಕೊಂಡು, ನೀರು ಚಿಮುಕಿಸಿ, ಗೂಡನ್ನು ಒಂದೊಂದೇ ಹಲಗೆ ಕಿತ್ತೆ. ಎಲ್ಲವನ್ನೂ ದೂರ ಸಾಗಿಸಿ ಬಂದು ಕಲ್ಲಿನ ಮೇಲೆ ಸೀರೆ ಬಿಚ್ಚಿ ತಲೆಗೆ ನೀರು ಹುಯ್ದುಕೊಂಡೆ. ಅತ್ತೆ ಬೇರೆ ಸೀರೆ ಹಿಡಿದು ನಿಂತಿದ್ದರು, ನೀರು ಬಿಸಿಯಿತ್ತು.

ತಾರಸಿಯಲ್ಲಿ ಈಗ ಬೇಕಾದಷ್ಟು ಜಾಗ. ಸಂಡಿಗೆ ಇಡಲು ಮನಸ್ಸಿಲ್ಲ.

ಫೆಬ್ರವರಿ 16, ಶುಕ್ರವಾರ

ಕೆಮ್ಮು ನಾಲ್ಕು. ನಿನ್ನೆ ಆರು. ಬೆಳಿಗ್ಗೆ ಅಂಗಡಿಯವರೆಗೆ ನಡೆದುಹೋಗಿ ಬಂದರು. ಅನಸೂಯಮ್ಮ ಒಂದು ಸಾದಾ ರವಿಕೆ ಕೊಟ್ಟು, "ಎರಡು ತೋಳೂ ಬೇರೆ ಬೇರೆ ಕೈಗೆ ಇರ್ಲಿ" ಎಂದು ಹೇಳಿಹೋದರು. ಸಿಟ್ಟು ಬಂತು, ಕತ್ತರಿಸುವಾಗ ಮೂರು ಸಲ ನೋಡಿದೆ.

ಫೆಬ್ರವರಿ 20, ಮಂಗಳವಾರ

ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ನಾನು ಬಟ್ಟೆ ಒಣಹಾಕುತ್ತಿದ್ದೆ. ಸೀರೆಯ ಮೇಲೆ ನೆರಳು ಹಾದುಹೋಯಿತು. ನೋಡುವ ಮೊದಲೇ ಗೊತ್ತಾಯಿತು. ಮೂರು ಗಂಟೆ ನಾಲ್ಕು ನಿಮಿಷ.

ಕಪ್ಪುಬಾಲ. ಬಂಗಾರಪೇಟೆಯಿಂದ ದಾರ ಹರಿದುಕೊಂಡು ಬಂದಿದ್ದಾನೆ. ಗೂಡಿದ್ದ ಜಾಗದ ಮೇಲೆ ಸುತ್ತಿದ, ಗಣಿ ಗೋಪುರದವರೆಗೆ ಹೋದ, ಮತ್ತೆ ಬಂದ. ಬರಿ ತಾರಸಿ ಅವನಿಗೆ ಅರ್ಥವಾಗುತ್ತಿರಲಿಲ್ಲ. ಮೊರದ ಸದ್ದಿಗೆ ಕೆಳಕ್ಕೆ, ಇನ್ನೂ ಕೆಳಕ್ಕೆ ಬಂದ. ಅವನ ಕಣ್ಣಿನ ಕೆಂಪು ಕಾಣಿಸುವಷ್ಟು.

"ಅತ್ತೆ, ಮೊರ..." ಎಂದೆ.

ಅವರು ಆಗಲೇ ನಿಲ್ಲಿಸಿದ್ದರು. ಮೇಲೆ ಚಿಮ್ಮಿದ ರಾಗಿ ಮೊರಕ್ಕೆ ಬಿದ್ದಿತು, ಅಷ್ಟೇ. ಎರಡು ಕೈಯಲ್ಲೂ ಮೊರವನ್ನು ಎದೆಯ ಎತ್ತರಕ್ಕೆ ಹಿಡಿದು ಹಾಗೇ ನಿಂತರು. ಎಪ್ಪತ್ತಾರು ವರ್ಷದ ಕೈಗಳಲ್ಲಿ ಒಂದು ಕಾಳೂ ಸದ್ದು ಮಾಡಲಿಲ್ಲ. ನಾನು ಒದ್ದೆ ಸೀರೆಯನ್ನು ಹಿಂಡದೆ ಹಿಡಿದುಕೊಂಡಿದ್ದೆ. ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಕಿಟಕಿಯಲ್ಲಿ ಇವರು ಬಂದು ನಿಂತಿದ್ದರು. ಇವರಿಗೆ ಕೆಮ್ಮು ಒತ್ತಿಕೊಂಡು ಬರುತ್ತಿತ್ತು, ನನಗೆ ಆ ಮುಖ ಗೊತ್ತು. ಅಂಗೈಯಿಂದ ಬಾಯಿ ಮುಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ತಡೆದಿದ್ದರು.

ಒಂದು ಹಿಡಿ ಕಾಳು ಎರಚಿದರೆ ಸಾಕಿತ್ತು. ಮೂವರಲ್ಲಿ ಯಾರಾದರೂ ಎರಚಬಹುದಿತ್ತು.

ಅವನು ಮಾಡಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತ. ಕತ್ತು ಓರೆ ಮಾಡಿ ಮೊರವನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಎದ್ದು, ಒಂದು ಸುತ್ತು ಹಾಕಿ, ರೈಲು ಹಳಿಯ ಕಡೆಗೆ, ಬಂಗಾರಪೇಟೆಯ ಕಡೆಗೆ ಹೋದ. ಚುಕ್ಕಿಯಾಗುವವರೆಗೂ ನೋಡಿದೆ. ಮೂರು ನಲವತ್ತೈದು. ನಲವತ್ತೊಂದು ನಿಮಿಷ.

ನಾಲ್ಕೂಕಾಲಿಗೆ ವೇಣು ಫೋನ್ ಮಾಡಿದ, ಬಂದು ಸೇರಿದನಂತೆ. ಅಷ್ಟು ದೂರಕ್ಕೆ ಅರ್ಧ ಗಂಟೆ ಯಾಕೆ ಬೇಕಾಯಿತು, ದಾರಿಯಲ್ಲಿ ಎಲ್ಲಿ ಕೂತಿದ್ದ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಕೆಮ್ಮು: ಒಂದು. ಅವನು ಹೋದಮೇಲೆ.